ಇಕ್ಕಳ ಹಿಡಿದವಳು

ಬಾಗಿಲು ತಗ್ಗು, ತಲೆ ಜೋಪಾನ.
ಗೇಣುದ್ದದ ಕೀಲಿಕೈ, ಎಡಕ್ಕೆ ತಿರುಗಿಸಿ
ಮೊಣಕಾಲಲ್ಲಿ ಒಂದು ಗುದ್ದು ಕೊಟ್ಟರೇ ತೆರೆಯುವುದು.
ಪಾದ್ರಿಗಳಿಗೆ ಇನ್ನೂ ಈ ಪಟ್ಟು ಹತ್ತಿಲ್ಲ.
ಐದು ಊರಿಗೆ ಒಬ್ಬರೇ ಅವರು,
ಯಾವ ಬಾಗಿಲಿಗೆ ಎಷ್ಟು ಗುದ್ದೆಂದು
ನೆನಪಿಟ್ಟುಕೊಳ್ಳುವುದಾದರೂ ಹೇಗೆ!

ಗೋಡೆ ನೋಡಿ, ನೇಗಿಲಿಗೆ ಸಿಕ್ಕಿದ ಚಕಮಕಿ ಕಲ್ಲು.
ಸಫೋಕಿನಲ್ಲಿ ಬಂಡೆಯಿಲ್ಲ. ಹೊಲ ಉಗುಳಿದ್ದನ್ನೇ
ಬುಟ್ಟಿಯಲ್ಲಿ ಹೊತ್ತು, ಸುಣ್ಣದಲ್ಲಿ ಕೂರಿಸಿ
ಮುಗಿಲಿನವರೆಗೆ ಪೇರಿಸಿದರು.
ಮೂಲೆಗೆ ಮಾತ್ರ ದೋಣಿಯಲ್ಲಿ ಬಂದ ಬಿಳಿಗಲ್ಲು,
ಬಡವನ ಕೋಟಿಗೆ ಒಳ್ಳೆಯ ಗುಂಡಿ ಹೊಲಿದ ಹಾಗೆ.

ಈಗ ಮೇಲೆ. ನಿಧಾನ, ಕತ್ತು ಹಿಡಿದೀತು.
ಓಕ್ ತೊಲೆಗಳ ತುದಿಯಲ್ಲಿ ರೆಕ್ಕೆ ಬಿಚ್ಚಿದ
ಹನ್ನೆರಡು ದೇವದೂತರು. ಹನ್ನೊಂದು ಅನ್ನಿ.
ಬಲಗಡೆಯ ನಾಲ್ಕನೆಯವನು
ನನ್ನಜ್ಜಿಯ ಮದುವೆಯ ವರ್ಷ ಬಿದ್ದ,
ಯಾರ ಮೇಲೂ ಅಲ್ಲ, ಪುಣ್ಯ.
ಹುಳು ತಿಂದ ರೆಕ್ಕೆ ಬಿಸ್ಕತ್ತಿನಂತೆ ಪುಡಿಯಾಗಿತ್ತಂತೆ.
ಉಳಿದವರ ಕೆಳಗೆ ಕೂರುವಾಗ ಇಂದಿಗೂ
ಮಿಸೆಸ್ ಥರ್ಕೆಟಲ್ ಒಂದು ಮೊಳ ಆಚೆ ಸರಿಯುತ್ತಾಳೆ.
ನಂಬಿಕೆ ಬೇರೆ, ತಲೆ ಬೇರೆ.

ಇದು ದೀಕ್ಷಾಸ್ನಾನದ ತೊಟ್ಟಿ. ಎಂಟು ಮುಖ.
ಬುಡದ ಸಿಂಹಗಳನ್ನು ಕೆತ್ತಿದವನು
ಸಿಂಹ ಕಂಡವನಲ್ಲ, ಕಂಡದ್ದು ಮನೆಯ ನಾಯಿ.
ಅದಕ್ಕೇ ಇವು ಈಗಲೋ ಆಗಲೋ
ಬಾಲ ಅಲ್ಲಾಡಿಸುವಂತಿವೆ.
ನನ್ನ ಮೂರೂ ಮಕ್ಕಳು ಇದರ ಮುಂದೆಯೇ ಅತ್ತದ್ದು.
ಮೂರನೆಯದು ಹೆಚ್ಚು ದಿನ ಅಳಲಿಲ್ಲ,
ಬಡಗಣ ಗೋಡೆಯಾಚೆ, ಹಾಲಿ ಗಿಡದ ಪಕ್ಕ...
ಬನ್ನಿ, ಇಲ್ಲೊಂದು ಮೆಟ್ಟಿಲಿದೆ.

ಮೊಣಕಾಲೂರುವ ದಿಂಬುಗಳು ನಮ್ಮ ಹೆಂಗಸರ ಕಸೂತಿ.
ಆ ಮೊಲ ನನ್ನದು. ಉಣ್ಣೆ ಸಾಲದೆ
ಒಂದು ಕಿವಿ ಮೋಟಾಯಿತು. ಪರವಾಗಿಲ್ಲ,
ಮೊಣಕಾಲಿಗೆ ಕಣ್ಣಿಲ್ಲ.

ಇದು ತೆರೆ. ಇತ್ತ ನಾವು, ಅತ್ತ ಪೀಠ, ನಡುವೆ ಈ ಮರ.
ಕೆಳಗಿನ ಹಲಗೆಗಳಲ್ಲಿ ಆರು ಮಂದಿ ಸಾಧ್ವಿಯರು,
ಕೆಂಪು, ಹಸಿರು, ಸೆರಗಿಗೆ ಚಿನ್ನದ ರೇಕು.
ಒಬ್ಬರಿಗೂ ಮುಖವಿಲ್ಲ.
ನಾಲ್ಕು ನೂರು ವರ್ಷವಾಗುತ್ತ ಬಂತು,
ಚಿತ್ರವೆಂದರೆ ಪಾಪವೆಂದು ಮೇಲಿನವರ ಅಪ್ಪಣೆ.
ಲೆಕ್ಕದ ಪುಸ್ತಕ ನಾನೇ ಓದಿದ್ದೇನೆ:
"ಆರು ಮುಖ ಕೆರೆದದ್ದಕ್ಕೆ ಜಾಬ್ ಪ್ಯಾಲಂಟನಿಗೆ
ಒಂದು ಶಿಲಿಂಗ್ ನಾಲ್ಕು ಪೆನ್ನಿ.
ಅದೇ ದಿನ, ಅವನಿಗೇ, ಬಿಯರಿಗೆ, ಎರಡು ಪೆನ್ನಿ."
ಪ್ಯಾಲಂಟ್ ನನ್ನ ತೌರಿನ ಹೆಸರು.
ಊರಲ್ಲಿ ಬೇರೆ ಪ್ಯಾಲಂಟರು ಯಾವತ್ತೂ ಇರಲಿಲ್ಲ.

ಅವನು ಕೆರೆದ. ನಾನು ಒರೆಸುತ್ತೇನೆ,
ಹಂದಿಕೂದಲಿನ ಬ್ರಷ್ಷಿನಲ್ಲಿ, ಗುರುವಾರ ಗುರುವಾರ.
ಮನೆತನದ ಸಾಲ ಅನ್ನಿಸುತ್ತಿತ್ತು ಮೊದಮೊದಲು.
ಈಗ ಬರೀ ಧೂಳು.

ಆದರೆ ಬಗ್ಗಿ, ಈ ಕೊನೆಯವಳನ್ನು ನೋಡಿ.
ಕೈಯಲ್ಲಿ ಇಕ್ಕಳ, ಇಕ್ಕಳದಲ್ಲಿ ಹಲ್ಲು, ಬೇರು ಸಮೇತ.
ಹಲ್ಲುನೋವಿಗೆ ಇವಳನ್ನು ಕೂಗುತ್ತಿದ್ದರಂತೆ.
ಉಳಿದ ಐವರ ಕೈಯಲ್ಲಿದ್ದದ್ದನ್ನೂ ಅವನ ಉಳಿ ಬಿಟ್ಟಿಲ್ಲ,
ಚಕ್ರ, ಗೋಪುರ, ಕತ್ತಿ, ಎಲ್ಲ ಸಿಪ್ಪೆ.
ಇಲ್ಲಿ ಮಾತ್ರ ಮುಖದಿಂದ ಇಳಿದ ಗೀರು
ಮಣಿಕಟ್ಟಿನ ಹತ್ತಿರ ಗಕ್ಕನೆ ನಿಂತಿದೆ.

ಬೆಳಕು ಮುಗಿಯಿತೋ, ಬಿಯರು ಕರೆಯಿತೋ.
ನಾನಂದುಕೊಳ್ಳುವುದು ಬೇರೆ.
ಫೆಬ್ರವರಿ, ಇದೇ ಚಳಿ,
ಕೆನ್ನೆ ಊದಿಕೊಂಡ ಒಬ್ಬ ಬಡಗಿ,
ನಾಲಿಗೆ ಮತ್ತೆ ಮತ್ತೆ ಅದೇ ದವಡೆಗೆ ಹೋಗುತ್ತಿದೆ.
ಕೂಲಿ ಕೊಟ್ಟವರು ಊಟಕ್ಕೆ ಹೋಗಿದ್ದಾರೆ.
ಇದೊಂದಿರಲಿ, ಹೇಳಲಾಗದು,
ಅಂದಿರಬೇಕು.

ಹೋದ ಚಳಿಗಾಲ ನನಗೂ ಬುದ್ಧಿಹಲ್ಲು.
ಇಪ್ಸ್‌ವಿಚ್ಚಿನ ಡಾಕ್ಟರು ಕಿತ್ತದ್ದು ಶುಕ್ರವಾರ.
ಗುರುವಾರ ಇಲ್ಲಿ ಎಷ್ಟು ಹೊತ್ತು ಗುಡಿಸಿದೆ
ಎಂದು ಮಾತ್ರ ಕೇಳಬೇಡಿ.

ಸ್ವಿಚ್ಚು ನಿಮ್ಮ ಬೆನ್ನ ಹಿಂದಿದೆ, ಆರಿಸಿ ಬನ್ನಿ.
ಕರೆಂಟಿಗೂ ಈಗ ಲೆಕ್ಕದ ಪುಸ್ತಕವಿದೆ.