'ಸ'ಕಾರದ ಸಿಳ್ಳು

ಕಲಾಸಿಪಾಳ್ಯದ ಹಿಂದಿನ ಗಲ್ಲಿ, ಬ್ಯಾಂಡ್‌ಸೆಟ್ ಅಂಗಡಿಯ ಮೇಲೆ
ಎರಡನೇ ಮಹಡಿ. ಇಲ್ಲಿ ನಾನು ಹಲ್ಲು ಮಾಡುತ್ತೇನೆ.
ಡಾಕ್ಟರಲ್ಲ. ಬಾಯಿ ನೋಡುವುದು ಅವರು;
ನನಗೆ ಬರುವುದು ಬಾಯಿಯ ಅಚ್ಚು,
ಬಿಳಿ ಪ್ಲಾಸ್ಟರು, ಗುಲಾಬಿ ಮೇಣ, ಒಂದು ಚೀಟಿ:
'ಚಂದ್ರಮತಿ, ೭೧, ಮೇಲಿನ ಸಾಲು ಪೂರ್ತಿ. ಶನಿವಾರ ಬೇಕು.'

ಕೈಗೆ ಬಿಡುವಿಲ್ಲ, ಕಣ್ಣಿಗೂ ಇಲ್ಲ.
ಕಿವಿ ಮಾತ್ರ ಹಗಲೆಲ್ಲ ನಿರುದ್ಯೋಗಿ.
ಅದಕ್ಕೇ ಆಡಿಯೋ ಪುಸ್ತಕ ಹಚ್ಚಿಕೊಟ್ಟೆ.
ಇಯರ್‌ಫೋನಿನ ಎಡಗಡೆ ಸತ್ತು ವರ್ಷವಾಯಿತು:
ಬಲಗಿವಿಗೆ ಪುಸ್ತಕ, ಎಡಗಿವಿಗೆ ಬೆಂಗಳೂರು.

ಬೆಳಿಗ್ಗೆ ವಿಜ್ಞಾನ.
'ನಿಮ್ಮ ಹಲ್ಲಿನ ಸುಣ್ಣ,' ಎನ್ನುತ್ತದೆ ದನಿ,
'ಯಾವುದೋ ನಕ್ಷತ್ರ ಸಾಯುವಾಗ ಬೆಂದ ಅಡುಗೆ.'
ಕೈಯಲ್ಲಿದ್ದ ಬಾಚಿಹಲ್ಲನ್ನು ಕಿಟಕಿಗೆ ಹಿಡಿದೆ.
ಇದು ಅಕ್ರಿಲಿಕ್, ಸ್ವಾಮಿ. ಪೀಣ್ಯದಿಂದ ಬಂದದ್ದು.
ನಕ್ಷತ್ರದ್ದು ಉದುರಿದ ಮೇಲೆಯೇ ನನ್ನದು ಶುರು.

ಊಟವಾದ ಮೇಲೆ ತಮಾಷೆಯ ಮಾಯಾಲೋಕ.
ರಾಜ್ಯದ ಕಟ್ಟಕಡೆಯ ಡ್ರ್ಯಾಗನ್ನಿಗೆ ಹಲ್ಲುನೋವು,
ಬೆಂಕಿ ಉಗುಳಿದರೆ ಜುಮ್ಮೆನ್ನುತ್ತದೆ.
ಔಷಧಿ ಕೊಡಬೇಕಾದ ಮಂತ್ರವಾದಿ
ರಜೆ ಅರ್ಜಿಯನ್ನು ಮೂರು ಪ್ರತಿ ಮಾಡಲು ಹೋಗಿ
ತಾನೇ ಕಪ್ಪೆಯಾಗಿದ್ದಾನೆ, ಅದೂ ಮೂರು ಪ್ರತಿ.
ಗೊಳ್ಳೆಂದೆ.
ನಿಗಾರ್ ಮಾಸ್ಕು ಇಳಿಸಿ ನೋಡಿದಳು,
ಪರರ ಹಲ್ಲು ಹಿಡಿದು ಒಬ್ಬನೇ ನಗುವವನನ್ನು.
ಕೆಳಗೆ ಕ್ಲಾರಿನೆಟ್ಟಿನವನು ಅದೇ ಹೊತ್ತಿಗೆ ತಾಳ ತಪ್ಪಿದ.

ಸಂಜೆ ಆರರ ಮೇಲೆ ಭಯ.
ಹಳೆಯ ಕಾಲದ ಭಯ, ಅವಸರವಿಲ್ಲದ್ದು.
ಕಾಗದ ಬರೆಯುತ್ತದೆ, ಮೇಣದಬತ್ತಿ ಹಚ್ಚುತ್ತದೆ,
ಮಂಜನ್ನೇ ಎರಡು ಪುಟ ವರ್ಣಿಸುತ್ತದೆ.
ಆಮೇಲೆ ಬಾಗಿಲಾಚೆ ನಿಂತವನು ಕೇಳುತ್ತಾನೆ:
'ಒಳಗೆ ಬರಲೇ? ನೀವು ಕರೆದರೆ ಮಾತ್ರ.'
ನನ್ನ ಮೇಜಿನ ಮೇಲೆ ಇಪ್ಪತ್ತೆರಡು ಬಾಯಿ ತೆರೆದು ಕೂತಿವೆ,
ಮುಖವಿಲ್ಲ, ನಾಲಗೆಯಿಲ್ಲ.
ಚಂದ್ರಮತಿಯವರ ಕೋರೆಹಲ್ಲು ಉಜ್ಜುತ್ತಿದ್ದವನು
ಇನ್ನೊಂದಿಷ್ಟು ಮೊಂಡು ಮಾಡಿದೆ. ಯಾಕೆ ಬೇಕು.

ಮೂರನ್ನೂ ಓದಿದವನು ಒಬ್ಬನೇ.
ಹೆಸರು ಕೊನೆಯಲ್ಲಿ ಹೇಳುತ್ತಾನೇನೋ,
ಅಷ್ಟರಲ್ಲಿ ನಾನು ಮುಂದಿನದಕ್ಕೆ ಹಾರಿರುತ್ತೇನೆ.
ಮುಖ ಗೊತ್ತಿಲ್ಲ. ಬಾಯಿ ಗೊತ್ತು.
ದೆವ್ವದ ಕತೆಯಲ್ಲಿ ಅವನ 'ಸ' ಸಿಳ್ಳು ಹಾಕುತ್ತದೆ,
'ಸಮಾಧಿ' ಎಂದರೆ ಸಂದಿಯಿಂದ ಗಾಳಿ.
ಕೇಳಿದವರೆಲ್ಲ ಎಂಥ ಅಭಿನಯ ಎಂದಿರಬೇಕು.
ಅಭಿನಯವಲ್ಲ. ಮೇಲಿನ ಬಾಚಿಹಲ್ಲು ಒಂದು ಇಲ್ಲ.
ಡ್ರ್ಯಾಗನ್ನಿನ ಹೊತ್ತಿಗೆ ಸಿಳ್ಳು ಹೋಗಿ ತೊದಲು ಬಂದಿದೆ:
ಹೊಸ ಹಲ್ಲು, ವಾರದ್ದಿರಬೇಕು,
ನಾಲಗೆ ಇನ್ನೂ 'ಬನ್ನಿ, ಕೂತುಕೊಳ್ಳಿ' ಎನ್ನುತ್ತಿದೆ.
ವಿಜ್ಞಾನದಲ್ಲಿ ಮಾತ್ರ
'ಸಾವಿರ ಸೂರ್ಯರು ಸದ್ದಿಲ್ಲದೆ ಸುಟ್ಟು...'
ಒಂದೂ ಸೋರುವುದಿಲ್ಲ.

ನನ್ನ ದಿನದಲ್ಲಿ ಅವನು ಹಿಂದಕ್ಕೆ ನಡೆಯುತ್ತಾನೆ.
ಬೆಳಿಗ್ಗೆ ಹಲ್ಲಿದೆ, ಮಧ್ಯಾಹ್ನ ಹೊಂದಿಕೆಯಿಲ್ಲ, ಸಂಜೆಗೆ ಬೋಳು.
ಯಾರೋ ಮಾಡಿದ್ದು ಆ ಹಲ್ಲನ್ನು,
ಇಂಥದೇ ಮಹಡಿಯಲ್ಲಿ ಕೂತು, ಧೂಳು ಊದಿ,
ಚೀಟಿಯ ಕೈಬರಹಕ್ಕೆ ಬೈದು.
ನಾನೇ ಯಾಕಿರಬಾರದು? ಹಳೆಯ ರಿಜಿಸ್ಟರು ತೆಗೆದೆ.
'ಗಂಡು, ಬಾಚಿಹಲ್ಲು ಒಂದು, ಬಣ್ಣ ಎ-ಮೂರು, ಅರ್ಜೆಂಟ್.'
ಹದಿನೇಳು ಜನ.
ಮುಚ್ಚಿಟ್ಟೆ.

ಶುಕ್ರವಾರ ರಾತ್ರಿ ಕರೆಂಟು ಹೋಯಿತು.
ನಿಗಾರ್ ಬಸ್ಸು ಹಿಡಿದಾಗಿತ್ತು. ಫೋನು ಕೊನೆಯುಸಿರೆಳೆದು
ಬಾಗಿಲಾಚೆಯವನು ವಾಕ್ಯದ ನಡುವೆಯೇ ನಿಂತುಬಿಟ್ಟ.
ಈಗ ಎರಡೂ ಕಿವಿಗೆ ಬೆಂಗಳೂರು.
ಮೆಟ್ಟಿಲ ಮೇಲೆ ಹೆಜ್ಜೆ.
ಕನ್ನಡಿಯಂಥ ಹೆಲ್ಮೆಟ್ಟು, ಒಳಗೆ ಮುಖವಿದೆಯೋ ಇಲ್ಲವೋ,
'ಚಂದ್ರಮತಿ ಹಲ್ಲು ರೆಡಿನಾ? ಒಳಗೆ ಬರ್ಲಾ?'

ಕರೆಯಲಿಲ್ಲ.
'ಮೊದಲು ಹೇಳು,' ಎಂದೆ, 'ಸಮಾಧಿ.'

ಕೆಳಗೆ ಡೋಲು ಬಿಚ್ಚಿಡುವ ಸದ್ದು.
ಬಹಳ ಹೊತ್ತಿನ ಮೇಲೆ
'ಸಾರ್?' ಎಂದಿತು ಕತ್ತಲೆ.

ಎಲ್ಲ ಹಲ್ಲೂ ಇದ್ದವು.