ಇನ್ನೂ ಹಸಿ

ಬ್ರೆನ್ಯಾ ಆಲ್ಟಾದ ಅಡುಗೆಮನೆ. ಒಬ್ದೂಲಿಯಾ ಚಿಕ್ಕಮ್ಮ
ಬಾಯ್ತುಂಬ ನೀರು ಹಿಡಿದು
ಫುರ್ರೆಂದು ಎಲೆಗೆ ಚಿಮುಕಿಸುತ್ತಾಳೆ.
ಆಗ ಮಾತ್ರ ಅವಳು ಸುಮ್ಮನಿರುವುದು.

"ನಿನ್ನ ಕಿವಿಯ ಹಾಲೆ ಮುಟ್ಟಿ ನೋಡಿಕೋ,
ಎಲೆ ಅಷ್ಟು ಮೆತ್ತಗಿರಬೇಕು.
ಒಣಗಿತೋ, ಸೀಳುತ್ತೆ. ತೊಯ್ದಿತೋ, ಬೂಷ್ಟು."
ನನ್ನ ಮೊದಲ ಚುಟ್ಟ ಬಸುರಿ ಹಲ್ಲಿಯಂತಿತ್ತು.

ಮಂಚದ ಕೆಳಗೊಂದು ಸೀಡರ್ ಪೆಟ್ಟಿಗೆ.
ತಮ್ಮ ಎವೇಲಿಯೊ ಜೊತೆ ನೀರಿನ ಪಾಲಿಗೆ ಜಗಳವಾಡಿ
ಮಾತು ಬಿಟ್ಟ ವಾರ ಸುತ್ತಿದ್ದು, ಇಪ್ಪತ್ತೈದು,
ಅವನ ಹೆಸರಿಗೇ.
ಸಿಟ್ಟಿನ ಕೈ ಬಿಗಿ; ದಮ್ಮು ಎಳೆದರೆ ಬರುತ್ತೋ ಇಲ್ಲವೋ.

ತಿಂಗಳಿಗೊಮ್ಮೆ ಮುಚ್ಚಳ ತೆರೆದು ಮೂಸುತ್ತಾಳೆ:
"ಇನ್ನೂ ಘಾಟು. ಇನ್ನೂ ಹಸಿ."

ನಿನ್ನೆ ನಾನೂ ಮೂಗಿಟ್ಟೆ.
ಜೇನು, ಒಣಮರ, ಹಳೇ ಪುಸ್ತಕ.
ಘಾಟು ಎಲ್ಲೂ ಇಲ್ಲ.

ಹೇಳಲಿಲ್ಲ.
ಒದ್ದೆ ಬಟ್ಟೆ ಹಿಂಡಿ
ನಾಳೆಯ ಎಲೆಗಳಿಗೆ ಹೊದಿಸಿದೆ.