ಮೂರಕ್ಕೆ ಒಂದು

ನಾಳೆ ಪರೀಕ್ಷೆ. ಅರ್ವೈಹೀರಿನ ಏಳನೇ ತರಗತಿ,
ಕಿಟಕಿಗೆ ಹಿಮದ ಪೊರೆ, ಕೈಯಲ್ಲಿ ಸೀಮೆಸುಣ್ಣವೂ ತಣ್ಣಗೆ.
ಚಹಾಕ್ಕೆ ಮೂರು ಸೌಟು ನೀರಿಗೆ ಒಂದು ಸೌಟು ಹಾಲು;
ಹನ್ನೆರಡು ಸೌಟು ನೀರಿಗೆಷ್ಟು?
ನಾಲ್ಕು! ಎಂದರೆಲ್ಲ ಒಂದೇ ಉಸಿರಿಗೆ.
ಸೊದ್ನೋಮ್ ಮಾತ್ರ ಎದ್ದು ನಿಂತ:
‘ಫೆಬ್ರವರಿಯಲ್ಲಿ ಹಸು ಬತ್ತಿರುತ್ತೆ, ಟೀಚರ್.
ಆಗ ಹನ್ನೆರಡಕ್ಕೂ ಒಂದೇ.’

ನಗು. ನಾನೂ ನಕ್ಕು ವೇಗಕ್ಕೆ ಬಂದೆ:
ಕುದುರೆ ಗಂಟೆಗೆ ಹದಿನೈದು ಕಿಲೋಮೀಟರ್,
ಅರವತ್ತಕ್ಕೆ ಎಷ್ಟು ಹೊತ್ತು?
ಪೆನ್ಸಿಲ್ ಕಚ್ಚುತ್ತ ಮತ್ತೆ ಅವನೇ:
‘ಇಲ್ಲಿಗೆ ಬರುವಾಗಲೋ, ಮನೆಗೆ ಹೋಗುವಾಗಲೋ?’

ಹಾಸ್ಟೆಲ್ ಹುಡುಗ.
ಡಸ್ಟರ್ ಹಿಡಿದು ಸುಮ್ಮನೆ ನಿಂತೆ.

ನಾಲ್ಕು ಅಂತಲೇ ಬರಿ ನಾಳೆ, ಎಂದೆ.
ಮನೆಗೆಷ್ಟು ಅನ್ನುವುದನ್ನು
ಅಂಚಿನಲ್ಲಿ ಬರೆದಿಡು.
ಅಂಕವಿಲ್ಲ ಅದಕ್ಕೆ.
ಓದುತ್ತೇನೆ.